ಓಎಲ್‌ಇಡಿ ಪರದೆಯ ಬ್ಲ್ಯಾಕ್ ಸ್ಮಿಯರಿಂಗ್

ಬ್ಲ್ಯಾಕ್ ಸ್ಮಿಯರಿಂಗ್ ಎಂಬುದು ಓಎಲ್‌ಇಡಿ ಪರದೆಗಳಲ್ಲಿ, ವಿಶೇಷವಾಗಿ ಸ್ಮಾರ್ಟ್‌ಫೋನುಗಳಲ್ಲಿ ಮತ್ತು ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನಗಳಲ್ಲಿ ಕಂಡುಬರುವ ಒಂದು ದೃಶ್ಯದೋಷ. ಸಂಪೂರ್ಣವಾಗಿ ಆರಿದ್ದ ಪಿಕ್ಸೆಲ್ ಮಂದವಾದ ಬೂದುಬಣ್ಣಕ್ಕೆ ಬದಲಾಗಬೇಕಾದಾಗ ತಡವಾಗಿ ಬೆಳಗುವುದೇ ಇದರ ಮೂಲ. ಇದರಿಂದಾಗಿ ಪರದೆಯ ಮೇಲೆ ಸರಿಯುತ್ತಿರುವ ಅಕ್ಷರ ಅಥವಾ ಚಿತ್ರದ ಅಂಚಿನಲ್ಲಿ ಕಪ್ಪು ಇಲ್ಲವೇ ನೇರಳೆ ಬಣ್ಣದ ಬಾಲವೊಂದು ಎಳೆದಂತೆ ತೋರುತ್ತದೆ. ಚಲನೆ ನಿಂತ ಮರುಕ್ಷಣವೇ ಚಿತ್ರ ಸ್ವಚ್ಛವಾಗುತ್ತದೆ.

ಓಎಲ್‌ಇಡಿ ತಂತ್ರಜ್ಞಾನದ ಅತಿ ದೊಡ್ಡ ಹೆಗ್ಗಳಿಕೆ ಅದರ ಪರಿಪೂರ್ಣ ಕಪ್ಪು. ಕಪ್ಪು ಬಣ್ಣವನ್ನು ತೋರಿಸಬೇಕಾದ ಕಡೆ ಪಿಕ್ಸೆಲ್ ಪೂರ್ತಿಯಾಗಿ ಆರಿರುತ್ತದೆ. ಬೆಳಕೂ ಇಲ್ಲ, ವಿದ್ಯುತ್ತಿನ ವೆಚ್ಚವೂ ಇಲ್ಲ. ಆದರೆ ಆರಿದ ಪಿಕ್ಸೆಲನ್ನು ಮತ್ತೆ ಎಚ್ಚರಿಸಲು ಸ್ವಲ್ಪ ಕಾಲ ಬೇಕು. ಈ ದೋಷ ಹುಟ್ಟುವುದು ಆ ಕಾಲದ ಅಂತರದಲ್ಲಿ. ಗುಣ ಮತ್ತು ದೋಷ ಎರಡಕ್ಕೂ ಕಾರಣ ಒಂದೇ ಆಗಿರುವುದರಿಂದ ಇದನ್ನು ತಗ್ಗಿಸಬಹುದಾದರೂ ಪೂರ್ಣವಾಗಿ ನಿವಾರಿಸುವುದು ಕಷ್ಟಸಾಧ್ಯವಾಗಿದೆ.

## ಹೆಸರು

ಇಂಗ್ಲಿಷಿನ ಸ್ಮಿಯರ್ ಎಂಬ ಪದಕ್ಕೆ ಬಳಿದುಹೋಗುವುದು, ಸವರಿಕೊಂಡು ಹರಡುವುದು ಎಂಬ ಅರ್ಥಗಳಿವೆ. ಶಾಯಿ ಒಣಗುವ ಮೊದಲೇ ಬರಹದ ಮೇಲೆ ಕೈ ತಾಗಿದರೆ ಅಕ್ಷರಗಳು ಒಂದು ಬದಿಗೆ ಹರಡಿಕೊಳ್ಳುವ ರೀತಿಯನ್ನು ಈ ದೋಷದ ತೋರಿಕೆ ಹೋಲುತ್ತದೆ. ಬಾಲದ ಬಣ್ಣವನ್ನು ಅನುಸರಿಸಿ ಇದನ್ನು ಪರ್ಪಲ್ ಸ್ಮಿಯರಿಂಗ್ ಎಂದೂ ಕರೆಯುವುದುಂಟು. ಘೋಸ್ಟಿಂಗ್ ಎಂಬ ಹೆಸರೂ ಬಳಕೆಯಲ್ಲಿದೆಯಾದರೂ, ಅದು ಮುಖ್ಯವಾಗಿ ಎಲ್‌ಸಿಡಿ ಪರದೆಗಳ ನಿಧಾನಗತಿಯನ್ನು ಸೂಚಿಸುವ ಪದವಾದ್ದರಿಂದ ಗೊಂದಲಕ್ಕೆ ಎಡೆಮಾಡುತ್ತದೆ.

## ಲಕ್ಷಣಗಳು

ಈ ದೋಷ ಎಲ್ಲ ಬಗೆಯ ಬದಲಾವಣೆಗಳಲ್ಲೂ ಕಾಣಿಸುವುದಿಲ್ಲ. ಪಿಕ್ಸೆಲೊಂದು ಕಪ್ಪಿನಿಂದ ಉಜ್ವಲ ಬಿಳಿಗೆ ಬದಲಾಗುವಾಗ ವಿಳಂಬ ಗಮನಕ್ಕೆ ಬಾರದಷ್ಟು ಅಲ್ಪ. ಬೂದಿನಿಂದ ಮತ್ತೊಂದು ಬೂದಿಗೆ ಬದಲಾಗುವಾಗಲೂ ಸಾಮಾನ್ಯವಾಗಿ ತೊಂದರೆಯಿಲ್ಲ. ಬೆಳಗುತ್ತಿರುವ ಪಿಕ್ಸೆಲ್ ಆರುವುದಂತೂ ಬಹಳ ಬೇಗ. ಕಡುಗಪ್ಪಿನಿಂದ ಕಪ್ಪಿಗೆ ತೀರ ಸಮೀಪದ ಬೂದಿಗೆ ಏರುವ ಮೊದಲ ಮೆಟ್ಟಿಲು ಮಾತ್ರ ನಿಧಾನ.

ಬೂದು ಹಿನ್ನೆಲೆಯ ಮೇಲೆ ಕಪ್ಪು ವಸ್ತುವೊಂದು ಮೇಲಕ್ಕೆ ಸರಿಯುತ್ತಿದೆಯೆನ್ನೋಣ. ಅದರ ಮುಂದಂಚಿನಲ್ಲಿ ಪಿಕ್ಸೆಲುಗಳು ಆರಬೇಕು; ಅವು ತಕ್ಷಣ ಆರುತ್ತವೆ. ಹಿಂದಂಚಿನಲ್ಲಿ ಪಿಕ್ಸೆಲುಗಳು ಹೊಸದಾಗಿ ಬೆಳಗಬೇಕು, ಅವು ತಡಮಾಡುತ್ತವೆ. ವಸ್ತು ಮುಂದೆ ಹೋದ ಮೇಲೂ ಅದರ ಕಪ್ಪು ಹಿಂದೆ ಉಳಿಯುವುದರಿಂದ ಬಾಲ ಬೆಳೆದಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಕಪ್ಪು ಹಿನ್ನೆಲೆಯ ಮೇಲೆ ಮಂದ ಬೂದುಬಣ್ಣದ ಅಕ್ಷರ ಚಲಿಸುವಾಗ ಮುಂದಂಚಿನ ಪಿಕ್ಸೆಲುಗಳು ತಡವಾಗಿ ಬೆಳಗುತ್ತವೆ. ಅಕ್ಷರದ ಮುಂಭಾಗವನ್ನು ಯಾರೋ ಕಡಿದು ತೆಗೆದಂತೆ ತೋರುತ್ತದೆ.

ಬಾಲದ ಉದ್ದವು ಚಲನೆಯ ವೇಗ ಮತ್ತು ವಿಳಂಬಗಳ ಗುಣಲಬ್ಧ. ಪುಟವೊಂದು ಸೆಕೆಂಡಿಗೆ 1200 ಪಿಕ್ಸೆಲುಗಳ ವೇಗದಲ್ಲಿ ಸರಿಯುತ್ತಿದ್ದು, ಪಿಕ್ಸೆಲುಗಳು 30 ಮಿಲಿಸೆಕೆಂಡು ತಡವಾದರೆ ಬಾಲ 36 ಪಿಕ್ಸೆಲುಗಳಷ್ಟು ಚಾಚುತ್ತದೆ. ಅಂಗುಲಕ್ಕೆ 400 ಪಿಕ್ಸೆಲುಗಳಿರುವ ಪರದೆಯಲ್ಲಿ ಇದು ಸುಮಾರು 2.3 ಮಿಲಿಮೀಟರ್, ಅಂದರೆ ಫೋನಿನಲ್ಲಿ ಓದುವ ಸಣ್ಣ ಅಕ್ಷರದ ಎತ್ತರದಷ್ಟು. ಮಿಲಿಸೆಕೆಂಡುಗಳ ದೋಷ ಬರಿಗಣ್ಣಿಗೆ ಕಾಣುವುದು ಈ ಕಾರಣದಿಂದ.

## ಓಎಲ್‌ಇಡಿ ಪಿಕ್ಸೆಲಿನ ರಚನೆ

ಎಲ್‌ಸಿಡಿ ಪರದೆಯಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕದ ಪದರ ಆ ಬೆಳಕನ್ನು ತಡೆಯುತ್ತದೆ ಇಲ್ಲವೇ ಬಿಡುತ್ತದೆ. ಓಎಲ್‌ಇಡಿ ಪರದೆಯಲ್ಲಿ ಹಿಂಬದಿಯ ದೀಪವಿಲ್ಲ. ಪ್ರತಿಯೊಂದು ಉಪಪಿಕ್ಸೆಲೂ ಸ್ವತಂತ್ರವಾಗಿ ಬೆಳಗುವ ಒಂದು ಡಯೋಡ್. ಎರಡು ವಿದ್ಯುದಗ್ರಗಳ ನಡುವೆ ಸಾವಯವ ಪದಾರ್ಥಗಳ ತೆಳ್ಳನೆಯ ಪದರಗಳಿದ್ದು, ಅವುಗಳ ಮೂಲಕ ವಿದ್ಯುತ್ ಹರಿದಾಗ ಕೆಂಪು, ಹಸಿರು ಅಥವಾ ನೀಲಿ ಬೆಳಕು ಹೊಮ್ಮುತ್ತದೆ. ಹೊಳಪು ಹೆಚ್ಚುಕಡಿಮೆ ಹರಿಯುವ ವಿದ್ಯುತ್ತಿಗೆ ಅನುಗುಣವಾಗಿರುತ್ತದೆ.

ಸ್ಮಾರ್ಟ್‌ಫೋನುಗಳಲ್ಲಿ ಬಳಕೆಯಾಗುವ ಅಮೋಲೆಡ್ ಪರದೆಗಳಲ್ಲಿ ಪ್ರತಿ ಉಪಪಿಕ್ಸೆಲಿನ ಕೆಳಗೆ ತೆಳುಪದರ ಟ್ರಾನ್ಸಿಸ್ಟರುಗಳ ಒಂದು ಪುಟ್ಟ ಮಂಡಲವಿದೆ. ಇದರ ಅತ್ಯಂತ ಸರಳ ರೂಪದಲ್ಲಿ ಎರಡು ಟ್ರಾನ್ಸಿಸ್ಟರುಗಳೂ ಒಂದು ಕೆಪಾಸಿಟರೂ ಇರುತ್ತವೆ. ಒಂದು ಟ್ರಾನ್ಸಿಸ್ಟರ್ ಬಾಗಿಲು ತೆರೆದು ವೋಲ್ಟೇಜನ್ನು ಒಳಗೆ ಬಿಡುತ್ತದೆ. ಕೆಪಾಸಿಟರ್ ಮುಂದಿನ ಫ್ರೇಮಿನವರೆಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಾಲಕ ಟ್ರಾನ್ಸಿಸ್ಟರ್ ಎನಿಸಿದ ಇನ್ನೊಂದು, ಆ ವೋಲ್ಟೇಜಿಗೆ ತಕ್ಕಷ್ಟು ವಿದ್ಯುತ್ತನ್ನು ಡಯೋಡಿಗೆ ಹರಿಸುತ್ತದೆ. ಟ್ರಾನ್ಸಿಸ್ಟರುಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಸರಿದೂಗಿಸಲು ಇಂದಿನ ಫೋನುಗಳಲ್ಲಿ ಏಳು ಟ್ರಾನ್ಸಿಸ್ಟರುಗಳ ಮಂಡಲಗಳು ಸಾಮಾನ್ಯವಾಗಿವೆ.

ಓಎಲ್‌ಇಡಿ ಪದಾರ್ಥದ ಪ್ರತಿಕ್ರಿಯೆ ಅತ್ಯಂತ ಶೀಘ್ರವಾದುದು. ಸಾಕಷ್ಟು ವಿದ್ಯುತ್ ಹರಿದರೆ ಮೈಕ್ರೋಸೆಕೆಂಡುಗಳಲ್ಲಿ ಬೆಳಕು ಬರುತ್ತದೆ. ಜಾಹೀರಾತುಗಳಲ್ಲಿ ಓಎಲ್‌ಇಡಿಯ ವೇಗವನ್ನು ಹೊಗಳುವುದು ಈ ಗುಣವನ್ನು ಆಧರಿಸಿ. ಬ್ಲ್ಯಾಕ್ ಸ್ಮಿಯರಿಂಗ್ ಈ ಹೇಳಿಕೆಯನ್ನು ಸುಳ್ಳಾಗಿಸುವುದಿಲ್ಲ. ಬೆಳಕು ಹೊಮ್ಮಿಸುವ ಪದಾರ್ಥ ನಿಧಾನವಲ್ಲ. ಅತಿ ಮಂದವಾದ ಹೊಳಪಿನಲ್ಲಿ ಅದಕ್ಕೆ ಬೇಕಾದ ವಿದ್ಯುತ್ ಸಕಾಲಕ್ಕೆ ತಲುಪುವುದಿಲ್ಲ, ಅಷ್ಟೇ.

## ಕಾರಣಗಳು

### ಡಯೋಡಿನ ಧಾರಕತೆ

ಎರಡು ವಿದ್ಯುದಗ್ರಗಳ ನಡುವೆ ತೆಳ್ಳನೆಯ ಪದರವಿರುವ ಯಾವುದೇ ರಚನೆಯೂ ತಾನಾಗಿ ಒಂದು ಕೆಪಾಸಿಟರ್ ಆಗಿರುತ್ತದೆ. ಓಎಲ್‌ಇಡಿಯೂ ಇದಕ್ಕೆ ಹೊರತಲ್ಲ. ಡಯೋಡಿಗೆ ಒಂದು ಹೊಸ್ತಿಲು ವೋಲ್ಟೇಜ್ ಇದೆ. ಅದನ್ನು ದಾಟುವವರೆಗೆ ಬೆಳಕು ಬರುವುದಿಲ್ಲ. ಪಿಕ್ಸೆಲ್ ಪೂರ್ತಿ ಆರಿದ್ದಾಗ ಡಯೋಡಿನ ವೋಲ್ಟೇಜ್ ಹೊಸ್ತಿಲಿಗಿಂತ ಕೆಳಗಿರುತ್ತದೆ. ಆದ್ದರಿಂದ ಹೊಸದಾಗಿ ಹರಿದುಬಂದ ವಿದ್ಯುತ್ತು ಮೊದಲು ಈ ಸಹಜ ಕೆಪಾಸಿಟರನ್ನು ತುಂಬಬೇಕು. ಆಮೇಲಷ್ಟೇ ಬೆಳಕಾಗಿ ಮಾರ್ಪಡುತ್ತದೆ.

ನಲ್ಲಿಗೆ ಜೋಡಿಸಿದ ಉದ್ದನೆಯ ಖಾಲಿ ಪೈಪಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಪೈಪು ಕ್ಷಣದಲ್ಲಿ ತುಂಬಿ ಇನ್ನೊಂದು ತುದಿಯಲ್ಲಿ ನೀರು ಚಿಮ್ಮುತ್ತದೆ. ಹನಿಹನಿಯಾಗಿ ಬಿಟ್ಟರೆ ಮೊದಲ ಹನಿ ಹೊರಬರಲು ಬಹಳ ಹೊತ್ತು ಬೇಕು. ಪೈಪು ಮೊದಲೇ ತುಂಬಿದ್ದರೆ ಹನಿಗೂ ತಡವಿಲ್ಲ. ಬಿಳಿ ಬಣ್ಣ ತೆರೆದ ನಲ್ಲಿಯಂತೆ, ಮಂದ ಬೂದು ಹನಿಯಂತೆ, ಕಡುಗಪ್ಪು ಖಾಲಿ ಪೈಪಿನಂತೆ.

### ಒಂದು ಸರಳ ಲೆಕ್ಕ

ಸಾವಯವ ಪದರಗಳ ಒಟ್ಟು ದಪ್ಪವನ್ನು 100 ನ್ಯಾನೊಮೀಟರ್ ಎಂದೂ ಅವುಗಳ ಸಾಪೇಕ್ಷ ವಿದ್ಯುತ್ಶೀಲತೆಯನ್ನು 3 ಎಂದೂ ಇಟ್ಟುಕೊಂಡರೆ, ಒಂದು ಚದರ ಮೀಟರಿನ ಧಾರಕತೆ ಸುಮಾರು 0.27 ಮಿಲಿಫ್ಯಾರಡ್ ಆಗುತ್ತದೆ. ಅದರ ವೋಲ್ಟೇಜನ್ನು 2 ವೋಲ್ಟಿನಷ್ಟು ಏರಿಸಲು ಸುಮಾರು 0.53 ಮಿಲಿಕೂಲಂಬ್ ಆವೇಶ ಬೇಕು. ಪದಾರ್ಥದ ದಕ್ಷತೆ ಒಂದು ಆಂಪಿಯರಿಗೆ 50 ಕ್ಯಾಂಡೆಲಾ ಎಂದುಕೊಂಡರೆ, 1 ನಿಟ್ ಹೊಳಪಿಗೆ ಪ್ರತಿ ಚದರ ಮೀಟರಿಗೆ 20 ಮಿಲಿಆಂಪಿಯರ್ ಸಾಕು. ಇಷ್ಟು ಅಲ್ಪ ವಿದ್ಯುತ್ತಿನಿಂದ ಆ ಆವೇಶ ತುಂಬಲು ಸುಮಾರು 27 ಮಿಲಿಸೆಕೆಂಡು ಹಿಡಿಯುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿನ ಅವಧಿ 16.7 ಮಿಲಿಸೆಕೆಂಡು, ಅಂದರೆ ಮೊದಲ ಫ್ರೇಮು ಕಳೆದು ಎರಡನೆಯದರ ಅರ್ಧ ದಾಟಿದ ಮೇಲೆ ಬೆಳಕು ಕಾಣಿಸುತ್ತದೆ. ಅದೇ ಪಿಕ್ಸೆಲಿಗೆ 100 ನಿಟ್ ಹೊಳಪಿನ ವಿದ್ಯುತ್ ಹರಿಸಿದರೆ ತುಂಬುವ ಕಾಲ 0.27 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಇವು ವಿವರಣೆಗಾಗಿ ಆರಿಸಿದ ಸಂಖ್ಯೆಗಳು. ಪಿಕ್ಸೆಲಿನ ವಿನ್ಯಾಸವನ್ನು ಅನುಸರಿಸಿ ಇವು ಬದಲಾಗುತ್ತವೆ. ಆದರೆ ಹೊಳಪು ನೂರು ಪಟ್ಟು ತಗ್ಗಿದರೆ ತುಂಬುವ ಕಾಲ ನೂರು ಪಟ್ಟು ಏರುತ್ತದೆ ಎಂಬ ಅನುಪಾತ ಬದಲಾಗುವುದಿಲ್ಲ. ಇದೇ ಲೆಕ್ಕದಲ್ಲಿ ಇನ್ನೊಂದು ವಿಪರ್ಯಾಸವೂ ಅಡಗಿದೆ. ಪದಾರ್ಥದ ದಕ್ಷತೆಯನ್ನು ಇಮ್ಮಡಿಗೊಳಿಸಿದರೆ ಅದೇ ಹೊಳಪಿಗೆ ಬೇಕಾದ ವಿದ್ಯುತ್ ಅರ್ಧವಾಗುತ್ತದೆ, ತುಂಬುವ ಕಾಲ ಎರಡರಷ್ಟಾಗುತ್ತದೆ. ಬ್ಯಾಟರಿಯ ಉಳಿತಾಯಕ್ಕಾಗಿ ಮಾಡಿದ ಸುಧಾರಣೆಯೇ ಈ ದೋಷಕ್ಕೆ ಅನುಕೂಲವಾಗುವ ಸಾಧ್ಯತೆಯಿದೆ.

### ಚಾಲಕ ಟ್ರಾನ್ಸಿಸ್ಟರಿನ ಹಿಸ್ಟರಿಸಿಸ್

ಎರಡನೆಯ ಕಾರಣ ಚಾಲಕ ಟ್ರಾನ್ಸಿಸ್ಟರಿನಲ್ಲಿದೆ. ಟ್ರಾನ್ಸಿಸ್ಟರಿನ ಸಿಲಿಕಾನ್ ಪದರಕ್ಕೂ ಅದರ ಮೇಲಿನ ನಿರೋಧಕ ಪದರಕ್ಕೂ ನಡುವಿನ ಗಡಿಯಲ್ಲಿ ಸೂಕ್ಷ್ಮ ದೋಷಸ್ಥಾನಗಳಿರುತ್ತವೆ. ಅಲ್ಲಿ ವಿದ್ಯುತ್ಕಣಗಳು ಸಿಕ್ಕಿಕೊಳ್ಳುತ್ತವೆ, ನಿಧಾನವಾಗಿ ಬಿಡುಗಡೆಯಾಗುತ್ತವೆ. ಹೀಗಾಗಿ ಟ್ರಾನ್ಸಿಸ್ಟರ್ ಈಗ ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದು ಈಗಿನ ವೋಲ್ಟೇಜನ್ನಷ್ಟೇ ಅಲ್ಲದೆ ಹಿಂದಿನ ಸ್ಥಿತಿಯನ್ನೂ ಅವಲಂಬಿಸಿರುತ್ತದೆ. ಹಿಂದಿನದರ ಪ್ರಭಾವ ಹೀಗೆ ಉಳಿಯುವ ಗುಣಕ್ಕೆ ಹಿಸ್ಟರಿಸಿಸ್ ಎಂದು ಹೆಸರು.

ಬಹಳ ಹೊತ್ತು ಕಪ್ಪು ಸ್ಥಿತಿಯಲ್ಲಿದ್ದ ಟ್ರಾನ್ಸಿಸ್ಟರಿಗೆ ಬೂದಿನ ಆದೇಶ ಬಂದರೆ, ಮೊದಲ ಫ್ರೇಮಿನಲ್ಲಿ ಅದು ಗುರಿಗಿಂತ ಕಡಿಮೆ ವಿದ್ಯುತ್ ಹರಿಸಬಹುದು. ಮುಂದಿನ ಕೆಲವು ಫ್ರೇಮುಗಳಲ್ಲಿ ಮೆಲ್ಲನೆ ಗುರಿ ಮುಟ್ಟುತ್ತದೆ. ಅನೇಕ ಆಧುನಿಕ ಮಂಡಲಗಳು ಪ್ರತಿ ಫ್ರೇಮಿನ ಆರಂಭದಲ್ಲಿ ಡಯೋಡಿನ ವೋಲ್ಟೇಜನ್ನು ಕೆಳಗಿಳಿಸಿ ಹೊಸದಾಗಿ ಆರಂಭಿಸುತ್ತವೆ. ಅಂಥ ಪರದೆಗಳಲ್ಲಿ ಧಾರಕತೆಯ ವಿಳಂಬ ಎಲ್ಲ ಫ್ರೇಮುಗಳಿಗೂ ಒಂದೇ ರೀತಿ ಅನ್ವಯಿಸುವುದರಿಂದ, ಮೊದಲ ಫ್ರೇಮನ್ನು ಉಳಿದವುಗಳಿಂದ ಬೇರೆಯಾಗಿಸುವಲ್ಲಿ ಟ್ರಾನ್ಸಿಸ್ಟರಿನ ಹಿಸ್ಟರಿಸಿಸ್ ಪ್ರಮುಖ ಪಾತ್ರ ವಹಿಸುತ್ತದೆ.

### ನೇರಳೆ ಬಣ್ಣದ ಬಾಲ

ಕೆಂಪು, ಹಸಿರು ಮತ್ತು ನೀಲಿ ಉಪಪಿಕ್ಸೆಲುಗಳು ಬೇರೆಬೇರೆ ಪದಾರ್ಥಗಳಿಂದ ಆದವು. ಅವುಗಳ ದಕ್ಷತೆ, ಗಾತ್ರ, ಹೊಸ್ತಿಲು ವೋಲ್ಟೇಜ್ ಬೇರೆಬೇರೆ. ಆದ್ದರಿಂದ ಅವು ಎಚ್ಚರಗೊಳ್ಳುವ ಕಾಲವೂ ಬೇರೆಬೇರೆ. ಆಂಪಿಯರೊಂದಕ್ಕೆ ದೊರೆಯುವ ಹೊಳಪಿನ ಲೆಕ್ಕದಲ್ಲಿ ಹಸಿರು ಸಾಮಾನ್ಯವಾಗಿ ಮುಂದಿದೆ. ಅದಕ್ಕೆ ಅಲ್ಪ ವಿದ್ಯುತ್ ಸಾಕಾಗುವುದರಿಂದ ಮಂದ ಹೊಳಪಿನಲ್ಲಿ ಅದು ಹಿಂದೆ ಬೀಳಬಹುದು. ಹಸಿರು ಬರುವ ಮೊದಲೇ ಕೆಂಪು ಮತ್ತು ನೀಲಿ ಬೆಳಗಿದರೆ ಕಣ್ಣಿಗೆ ಕಾಣುವುದು ಅವೆರಡರ ಮಿಶ್ರಣವಾದ ನೇರಳೆ. ಪರದೆಯ ತಯಾರಿಕೆಯನ್ನು ಅನುಸರಿಸಿ ಬಾಲದ ಛಾಯೆ ಬದಲಾಗುವುದೂ ಉಂಟು.

## ಇತಿಹಾಸ

ಆಧುನಿಕ ಓಎಲ್‌ಇಡಿಗೆ ಅಡಿಪಾಯ ಹಾಕಿದವರು ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಕಡಿಮೆ ವೋಲ್ಟೇಜಿನಲ್ಲಿ ಬೆಳಗುವ ಎರಡು ಪದರಗಳ ಸಾವಯವ ಡಯೋಡನ್ನು ಇವರು 1987ರಲ್ಲಿ ಪ್ರಕಟಿಸಿದರು. 1997ರಲ್ಲಿ ಜಪಾನಿನ ಪಯೋನಿಯರ್ ಸಂಸ್ಥೆ ಕಾರಿನ ಧ್ವನಿಸಾಧನದಲ್ಲಿ ಓಎಲ್‌ಇಡಿ ಫಲಕವನ್ನು ಮಾರುಕಟ್ಟೆಗೆ ತಂದಿತು. 2008ರ ನೋಕಿಯಾ ಎನ್85 ಅಮೋಲೆಡ್ ಪರದೆಯಿದ್ದ ಆರಂಭಿಕ ಫೋನುಗಳಲ್ಲಿ ಒಂದು. 2010ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಈ ತಂತ್ರಜ್ಞಾನವನ್ನು ಜನಪ್ರಿಯಗೊಳಿಸಿತು. 2017ರಲ್ಲಿ ಆಪಲ್ ಸಂಸ್ಥೆಯ ಐಫೋನ್ ಎಕ್ಸ್ ಓಎಲ್‌ಇಡಿಗೆ ಬದಲಾಯಿತು.

ದೋಷ ವ್ಯಾಪಕವಾಗಿ ಚರ್ಚೆಗೆ ಬಂದದ್ದು ವರ್ಚುವಲ್ ರಿಯಾಲಿಟಿ ಸಾಧನಗಳ ಮೂಲಕ. 2014ರಲ್ಲಿ ಅಭಿವೃದ್ಧಿಕಾರರಿಗಾಗಿ ಬಿಡುಗಡೆಯಾದ ಆಕ್ಯುಲಸ್ ಸಂಸ್ಥೆಯ ಎರಡನೆಯ ಕಿಟ್‌ನಲ್ಲಿ ಗ್ಯಾಲಕ್ಸಿ ನೋಟ್ 3 ಫೋನಿನ ಓಎಲ್‌ಇಡಿ ಪರದೆಯನ್ನು 75 ಹರ್ಟ್ಸ್ ದರದಲ್ಲಿ ಬಳಸಲಾಗಿತ್ತು. 2016ರ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್‌ಗಳಲ್ಲಿ ತಲಾ 1080×1200 ಪಿಕ್ಸೆಲುಗಳ ಎರಡು ಓಎಲ್‌ಇಡಿ ಫಲಕಗಳು 90 ಹರ್ಟ್ಸ್ ದರದಲ್ಲಿ ಕೆಲಸ ಮಾಡುತ್ತಿದ್ದವು. ಫೋನಿನಲ್ಲಿ ಬೆರಳು ಸರಿಸಿದಾಗ ಮಾತ್ರ ಪುಟ ಚಲಿಸುತ್ತದೆ. ಈ ಸಾಧನಗಳಲ್ಲಾದರೋ ತಲೆ ಅಲುಗಿದಾಗಲೆಲ್ಲ ಇಡೀ ದೃಶ್ಯ ಪರದೆಯ ಮೇಲೆ ಜಾರುತ್ತದೆ. ಮಸೂರಗಳು ಪರದೆಯನ್ನು ಹಿಗ್ಗಿಸಿ ತೋರಿಸುತ್ತವೆ, ಸುತ್ತಲೂ ಕತ್ತಲು. ರಾತ್ರಿಯ ಅಥವಾ ಬಾಹ್ಯಾಕಾಶದ ದೃಶ್ಯಗಳಲ್ಲಿ ಕಪ್ಪು ಬಾಲಗಳು ಎದ್ದು ಕಂಡವು. ಬ್ಲ್ಯಾಕ್ ಸ್ಮಿಯರ್ ಎಂಬ ಮಾತು ಈ ವಲಯದಲ್ಲಿ ರೂಢಿಯಾಯಿತು.

2019ರ ಸೆಪ್ಟೆಂಬರಿನಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಇಡೀ ವ್ಯವಸ್ಥೆಗೆ ಅನ್ವಯಿಸುವ ಡಾರ್ಕ್ ಮೋಡ್ ಒದಗಿಸಿದವು. ಅದುವರೆಗೆ ಬಿಳಿ ಹಿನ್ನೆಲೆಯಲ್ಲಿ ಮರೆಯಾಗಿದ್ದ ದೋಷ, ಹಿನ್ನೆಲೆ ಕಪ್ಪಾದೊಡನೆ ಸಾಮಾನ್ಯ ಬಳಕೆದಾರರ ಕಣ್ಣಿಗೂ ಬೀಳತೊಡಗಿತು.

## ದೋಷವನ್ನು ಹೆಚ್ಚಿಸುವ ಅಂಶಗಳು

ಪರದೆಯ ಹೊಳಪನ್ನು ತಗ್ಗಿಸಿದಾಗ ದೋಷ ಹೆಚ್ಚುತ್ತದೆ. ಹೊಳಪು ತಗ್ಗಿಸಲು ಎರಡು ವಿಧಾನಗಳಿವೆ. ಒಂದು, ಡಯೋಡಿಗೆ ಹರಿಯುವ ವಿದ್ಯುತ್ತನ್ನೇ ಕಡಿಮೆ ಮಾಡುವುದು. ಇದನ್ನು ಡಿಸಿ ಡಿಮ್ಮಿಂಗ್ ಎನ್ನುತ್ತಾರೆ. ಇನ್ನೊಂದು, ವಿದ್ಯುತ್ತನ್ನು ಹೆಚ್ಚು ತಗ್ಗಿಸದೆ ಪರದೆಯನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುವುದು. ಇದಕ್ಕೆ ಪಿಡಬ್ಲ್ಯುಎಂ ಎಂದು ಹೆಸರು. ಮೊದಲನೆಯದರಲ್ಲಿ ಮಂದ ಬೂದುಗಳ ವಿದ್ಯುತ್ ಇನ್ನಷ್ಟು ಕ್ಷೀಣಿಸುವುದರಿಂದ ಬಣ್ಣದ ಅಸಮತೆಯೂ ವಿಳಂಬವೂ ಹೆಚ್ಚುತ್ತವೆ. ಎರಡನೆಯದರಲ್ಲಿ ಈ ತೊಂದರೆ ಕಡಿಮೆ. ಆದರೆ ಮಿನುಗುವಿಕೆಯಿಂದ ಕೆಲವರಿಗೆ ಕಣ್ಣುನೋವು, ತಲೆನೋವು ಉಂಟಾಗುತ್ತದೆ. 2019ರ ಸುಮಾರಿಗೆ ಕೆಲವು ತಯಾರಕರು ಡಿಸಿ ಡಿಮ್ಮಿಂಗನ್ನು ಬಳಕೆದಾರರ ಆಯ್ಕೆಗೆ ಬಿಟ್ಟರು. ಅದನ್ನು ಆರಿಸಿಕೊಂಡವರು ಮಿನುಗುವಿಕೆಯಿಂದ ಪಾರಾಗುವರಾದರೂ ಮಂದ ಬೂದುಗಳ ಗುಣಮಟ್ಟದಲ್ಲಿ ರಾಜಿಯಾಗಬೇಕಾಗುತ್ತದೆ.

ರಿಫ್ರೆಶ್ ದರದ ಪರಿಣಾಮ ಮಿಶ್ರವಾದುದು. 120 ಹರ್ಟ್ಸ್ ಪರದೆಯಲ್ಲಿ ಫ್ರೇಮಿನ ಅವಧಿ 8.3 ಮಿಲಿಸೆಕೆಂಡು. ವಿಳಂಬವು ಇಂತಿಷ್ಟು ಫ್ರೇಮುಗಳಷ್ಟು ಎಂದಿದ್ದರೆ, ಫ್ರೇಮು ಚಿಕ್ಕದಾದಂತೆ ಬಾಲವೂ ಚಿಕ್ಕದಾಗುತ್ತದೆ. ವಿಳಂಬವು ಇಂತಿಷ್ಟು ಮಿಲಿಸೆಕೆಂಡು ಎಂದಿದ್ದರೆ ಪ್ರಯೋಜನ ಕಡಿಮೆ. ಆದ್ದರಿಂದ ಹೆಚ್ಚಿನ ರಿಫ್ರೆಶ್ ದರವುಳ್ಳ ಫೋನುಗಳಲ್ಲೂ ಈ ದೋಷ ಪೂರ್ಣವಾಗಿ ಮಾಯವಾಗಿಲ್ಲ.

## ತಯಾರಕರ ಪರಿಹಾರಗಳು

* ಓವರ್‌ಡ್ರೈವ್: ಕಪ್ಪಿನಿಂದ ಬೂದಿಗೆ ಬದಲಾಗುವ ಪಿಕ್ಸೆಲಿಗೆ ಮೊದಲ ಫ್ರೇಮಿನಲ್ಲಿ ಗುರಿಗಿಂತ ತುಸು ಹೆಚ್ಚಿನ ಆದೇಶ ನೀಡಲಾಗುತ್ತದೆ. ಪ್ರಮಾಣ ತಪ್ಪಿದರೆ ಕಪ್ಪು ಬಾಲದ ಬದಲು ಬಿಳಿಚಿದ ಬಾಲ ಕಾಣಿಸಿಕೊಳ್ಳುತ್ತದೆ.
* ಪೂರ್ವಸಿದ್ಧತೆ: ಹೊಸ ಮಾಹಿತಿ ಬರೆಯುವ ಮೊದಲು ಎಲ್ಲ ಚಾಲಕ ಟ್ರಾನ್ಸಿಸ್ಟರುಗಳನ್ನೂ ಕ್ಷಣಕಾಲ ಒಂದೇ ನಿಶ್ಚಿತ ಸ್ಥಿತಿಗೆ ತರಲಾಗುತ್ತದೆ. ಎಲ್ಲವೂ ಒಂದೇ ಸ್ಥಿತಿಯಿಂದ ಹೊರಡುವುದರಿಂದ ಹಿಂದಿನ ಚಿತ್ರದ ಪ್ರಭಾವ ತಗ್ಗುತ್ತದೆ.
* ಕಪ್ಪಿನ ಮಟ್ಟವನ್ನು ಏರಿಸುವುದು: ಪಿಕ್ಸೆಲನ್ನು ಪೂರ್ತಿ ಆರಿಸದೆ, ಗಮನಕ್ಕೆ ಬಾರದಷ್ಟು ಮಂದವಾಗಿ ಬೆಳಗುತ್ತಿರುವಂತೆ ಇಡಲಾಗುತ್ತದೆ. ವರ್ಚುವಲ್ ರಿಯಾಲಿಟಿ ಸಾಧನಗಳಲ್ಲಿ ಈ ಮಾರ್ಗ ಬಳಕೆಗೆ ಬಂದಿದೆ. ಇಲ್ಲಿ ಓಎಲ್‌ಇಡಿಯ ಪರಿಪೂರ್ಣ ಕಪ್ಪನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಮೂರೂ ಮಾರ್ಗಗಳಿಗೆ ಒಂದೊಂದು ಬೆಲೆಯಿದೆ. ಓವರ್‌ಡ್ರೈವ್‌ಗೆ ಹಿಂದಿನ ಫ್ರೇಮನ್ನು ನೆನಪಿಡುವ ವ್ಯವಸ್ಥೆ ಬೇಕು; ಪೂರ್ವಸಿದ್ಧತೆಗೆ ಫ್ರೇಮಿನ ಸಮಯದಲ್ಲಿ ಒಂದು ಪಾಲು ಬೇಕು; ಮೂರನೆಯದಕ್ಕೆ ಕತ್ತಲೆಯ ಕಡುಪನ್ನು ತೆರಬೇಕು.

## ಡಾರ್ಕ್ ಮೋಡ್‌ನಲ್ಲಿ ಕಡುಗಪ್ಪು ಮತ್ತು ಬೂದು

ಡಾರ್ಕ್ ಮೋಡ್ ಹಿನ್ನೆಲೆ ಕಡುಗಪ್ಪಾಗಿರಬೇಕೋ ಗಾಢ ಬೂದಾಗಿರಬೇಕೋ ಎಂಬ ಪ್ರಶ್ನೆ ಈ ದೋಷದೊಡನೆ ಹೆಣೆದುಕೊಂಡಿದೆ. ಗೂಗಲ್ ಸಂಸ್ಥೆಯ ಮೆಟೀರಿಯಲ್ ಡಿಸೈನ್ ಮಾರ್ಗಸೂಚಿ ಕಡುಗಪ್ಪಿನ ಬದಲು #121212 ಎಂಬ ಗಾಢ ಬೂದನ್ನು ಶಿಫಾರಸು ಮಾಡಿತು. ಮೇಲ್ಮೈಗಳ ನಡುವಿನ ಏರಿಳಿತವನ್ನು ತೋರಿಸಲು ಹಾಗೂ ಓದುವಾಗಿನ ಆಯಾಸವನ್ನು ತಗ್ಗಿಸಲು ಅದು ಅನುಕೂಲವೆಂಬುದು ಅಲ್ಲಿನ ವಾದ. ಟ್ವಿಟರ್ 2019ರಲ್ಲಿ ಕಡುನೀಲಿ ಛಾಯೆಯ ಹಿನ್ನೆಲೆಯ ಜೊತೆಗೆ ಲೈಟ್ಸ್ ಔಟ್ ಎಂಬ ಕಡುಗಪ್ಪು ಹಿನ್ನೆಲೆಯನ್ನೂ ನೀಡಿ ಆಯ್ಕೆಯನ್ನು ಬಳಕೆದಾರರಿಗೆ ಬಿಟ್ಟಿತು.

ಕಡುಗಪ್ಪಿನ ಪರವಾದ ಮುಖ್ಯ ವಾದ ಬ್ಯಾಟರಿಯ ಉಳಿತಾಯ. ಆದರೆ ಬೂದಿನಿಂದ ಆಗುವ ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಬಹುದು. #121212 ಬಣ್ಣದ ಮಟ್ಟ 255ರಲ್ಲಿ 18. ಪರದೆಗಳ ರೂಢಿಯ ಗಾಮಾ ಮೌಲ್ಯವಾದ 2.2ರ ಪ್ರಕಾರ ಇದರ ಹೊಳಪು ಬಿಳಿಯ ಹೊಳಪಿನ ಶೇ. 0.3 ಮಾತ್ರ. ಬಿಳಿ 400 ನಿಟ್ ಇರುವಾಗ ಈ ಬೂದು ಸುಮಾರು 1.2 ನಿಟ್. ವಿದ್ಯುತ್ತಿನ ವೆಚ್ಚವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿರುವುದರಿಂದ ಕಡುಗಪ್ಪಿಗೂ ಗಾಢ ಬೂದಿಗೂ ನಡುವಿನ ವ್ಯತ್ಯಾಸ ಅತ್ಯಲ್ಪ. ದೊಡ್ಡ ಉಳಿತಾಯ ಬರುವುದು ಬಿಳಿಯನ್ನು ಬಿಟ್ಟುಬಿಡುವುದರಿಂದಲೇ ಹೊರತು ಬೂದನ್ನು ಕಪ್ಪಾಗಿಸುವುದರಿಂದಲ್ಲ.

ಬಿಳಿಯನ್ನು ಬಿಟ್ಟಾಗಲೂ ಉಳಿತಾಯ ಹೊಳಪನ್ನು ಅವಲಂಬಿಸಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರದೆಯ ಹೊಳಪು ಶೇ. 100 ಇರುವಾಗ ಡಾರ್ಕ್ ಮೋಡ್‌ನಿಂದ ಸರಾಸರಿ ಶೇ. 39ರಿಂದ 47ರಷ್ಟು ವಿದ್ಯುತ್ ಉಳಿಯುತ್ತದೆ. ಒಳಾಂಗಣದಲ್ಲಿ ರೂಢಿಯಾದ ಶೇ. 30ರಿಂದ 50ರ ಹೊಳಪಿನಲ್ಲಿ ಉಳಿಯುವುದು ಸರಾಸರಿ ಶೇ. 3ರಿಂದ 9 ಮಾತ್ರ.

ಹಿನ್ನೆಲೆ ಗಾಢ ಬೂದಾಗಿದ್ದರೆ ಪಿಕ್ಸೆಲುಗಳು ಎಂದೂ ಪೂರ್ತಿ ಆರುವುದಿಲ್ಲ. ಆದ್ದರಿಂದ ಬಾಲಕ್ಕೆ ಕಾರಣವಾದ ಮೊದಲ ಮೆಟ್ಟಿಲೇ ಇರುವುದಿಲ್ಲ. ಅದೇ ಬೂದನ್ನು ಕಡುಗಪ್ಪು ಹಿನ್ನೆಲೆಯ ಮೇಲೆ ಪಟ್ಟಿ, ಗೆರೆ ಅಥವಾ ಅಕ್ಷರಗಳಿಗೆ ಬಳಸಿದರೆ ಪರಿಣಾಮ ವಿರುದ್ಧವಾಗಿ, ಬಾಲ ಸ್ಪಷ್ಟವಾಗಿ ಕಾಣಿಸುತ್ತದೆ. ಹೀಗಾಗಿ ಸರಿಯುವ ಪುಟಗಳಲ್ಲಿ ಕಡುಗಪ್ಪನ್ನೂ ಅದಕ್ಕೆ ಸಮೀಪದ ಬೂದನ್ನೂ ಪಕ್ಕಪಕ್ಕದಲ್ಲಿ ಇಡದಿರುವುದು ವಿನ್ಯಾಸಕಾರರಿಗೆ ಉಚಿತ.

## ಇತರ ದೋಷಗಳಿಂದ ವ್ಯತ್ಯಾಸ

* ಬರ್ನ್-ಇನ್: ಒಂದೇ ಚಿತ್ರ ಬಹಳ ಕಾಲ ಪರದೆಯ ಮೇಲಿದ್ದರೆ ಸಾವಯವ ಪದಾರ್ಥ ಅಸಮವಾಗಿ ಸವೆದು ಅದರ ಅಚ್ಚು ಉಳಿಯುತ್ತದೆ. ಇದು ಶಾಶ್ವತ. ಬ್ಲ್ಯಾಕ್ ಸ್ಮಿಯರಿಂಗ್ ಕ್ಷಣಿಕ. ಅದರಿಂದ ಪರದೆ ಸವೆಯುವುದಿಲ್ಲ.
* ಎಲ್‌ಸಿಡಿ ಘೋಸ್ಟಿಂಗ್: ದ್ರವಸ್ಫಟಿಕದ ಅಣುಗಳು ಹೊರಳಲು ತೆಗೆದುಕೊಳ್ಳುವ ಕಾಲದಿಂದ ಉಂಟಾಗುತ್ತದೆ. ವಿಎ ಮಾದರಿಯ ಎಲ್‌ಸಿಡಿಗಳಲ್ಲಿ ಕಪ್ಪಿನಿಂದ ಬೂದಿಗೆ ಬದಲಾವಣೆ ನಿಧಾನವಾಗಿದ್ದು ತೋರಿಕೆಯಲ್ಲಿ ಸಾಮ್ಯವಿದೆ; ಕಾರಣ ಬೇರೆ.
* ಚಲನೆಯ ಮಸುಕು: ಫ್ರೇಮಿನ ಅವಧಿಯುದ್ದಕ್ಕೂ ಚಿತ್ರ ನಿಂತಲ್ಲೇ ಇದ್ದು, ಅದನ್ನು ಹಿಂಬಾಲಿಸುವ ಕಣ್ಣು ಮುಂದೆ ಸರಿಯುವುದರಿಂದ ಆಗುವ ಮಸುಕು. ಪಿಕ್ಸೆಲ್ ಎಷ್ಟೇ ವೇಗವಾಗಿದ್ದರೂ ಇದು ಇರುತ್ತದೆ. ಸೆಕೆಂಡಿಗೆ 1200 ಪಿಕ್ಸೆಲುಗಳ ಚಲನೆಯಲ್ಲಿ 60 ಹರ್ಟ್ಸ್ ಪರದೆಗೆ ಇದು 20 ಪಿಕ್ಸೆಲ್, 120 ಹರ್ಟ್ಸ್ ಪರದೆಗೆ 10 ಪಿಕ್ಸೆಲ್. ಇದರಲ್ಲಿ ಬಣ್ಣ ಕೆಡುವುದಿಲ್ಲ.
* ಜೆಲ್ಲಿ ಸ್ಕ್ರೋಲಿಂಗ್: ಪರದೆಯ ಒಂದು ಬದಿ ಇನ್ನೊಂದಕ್ಕಿಂತ ತುಸು ಮೊದಲು ನವೀಕರಣಗೊಳ್ಳುವುದರಿಂದ ಸರಿಯುವ ಪುಟ ಓರೆಯಾಗಿ ಬಳುಕಿದಂತೆ ತೋರುವುದು. 2021ರ ಐಪ್ಯಾಡ್ ಮಿನಿಯ ಎಲ್‌ಸಿಡಿ ಪರದೆಯಲ್ಲೂ ಇದು ಕಂಡುಬಂದದ್ದರಿಂದ ಓಎಲ್‌ಇಡಿಗೆ ಸೀಮಿತವಲ್ಲವೆಂದು ತಿಳಿಯುತ್ತದೆ.

## ಗುರುತಿಸುವುದು ಮತ್ತು ತಗ್ಗಿಸುವುದು

ಕತ್ತಲೆಯ ಕೋಣೆಯಲ್ಲಿ ಪರದೆಯ ಹೊಳಪನ್ನು ಕನಿಷ್ಠಕ್ಕೆ ಇಳಿಸಿ, ಕಡುಗಪ್ಪು ಹಿನ್ನೆಲೆಯ ಮೇಲೆ ಗಾಢ ಬೂದು ಅಕ್ಷರಗಳಿರುವ ಪುಟವನ್ನು ನಿಧಾನವಾಗಿ ಸರಿಸಿದರೆ ದೋಷ ಗೋಚರಿಸುತ್ತದೆ. ಅದೇ ಪುಟವನ್ನು ಹೊಳಪು ಏರಿಸಿ ನೋಡಿದಾಗ ಬಾಲ ಕುಗ್ಗಿದರೆ ಅದು ಬ್ಲ್ಯಾಕ್ ಸ್ಮಿಯರಿಂಗ್ ಎನ್ನಬಹುದು. ಸ್ಕ್ರೀನ್‌ಶಾಟ್ ಅಥವಾ ಪರದೆಯ ಮುದ್ರಣದಲ್ಲಿ ಈ ದೋಷ ಮೂಡುವುದಿಲ್ಲ. ಏಕೆಂದರೆ ಅವು ಪರದೆಗೆ ಕಳುಹಿಸಿದ ಮಾಹಿತಿಯ ಪ್ರತಿಗಳೇ ಹೊರತು ಪರದೆ ತೋರಿಸಿದ ಬೆಳಕಿನ ಪ್ರತಿಗಳಲ್ಲ. ದೂರು ನೀಡುವವರು ದಾಖಲೆಗಾಗಿ ಮತ್ತೊಂದು ಫೋನಿನ ನಿಧಾನಚಲನೆಯ ವಿಡಿಯೋ ಬಳಸಬೇಕಾಗುತ್ತದೆ.

ಅಲ್ಪ ಪ್ರಮಾಣದ ಬಾಲ ಓಎಲ್‌ಇಡಿ ಪರದೆಗಳ ಸಾಮಾನ್ಯ ಗುಣ. ಅದರಿಂದ ಪರದೆ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಒಂದೇ ಮಾದರಿಯ ಎರಡು ಫೋನುಗಳನ್ನು ಒಂದೇ ಹೊಳಪಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದರಲ್ಲಿ ಮಾತ್ರ ಬಾಲ ಬಹಳ ಉದ್ದವಾಗಿದ್ದರೆ ಬದಲಾವಣೆಗೆ ಕೇಳುವುದು ಸಮಂಜಸ. ಉಳಿದಂತೆ, ಕಡುಗಪ್ಪಿನ ಬದಲು ಗಾಢ ಬೂದು ಹಿನ್ನೆಲೆಯನ್ನು ಆರಿಸುವುದು, ಕತ್ತಲೆಯಲ್ಲಿ ಹೊಳಪನ್ನು ತೀರ ಕನಿಷ್ಠಕ್ಕೆ ಇಳಿಸದಿರುವುದು ಹಾಗೂ ರಿಫ್ರೆಶ್ ದರದ ಆಯ್ಕೆಯಿದ್ದರೆ ಅದನ್ನು ಹೆಚ್ಚಿಸಿ ನೋಡುವುದು ಬಳಕೆದಾರರ ಕೈಯಲ್ಲಿರುವ ಉಪಾಯಗಳು. ರಾತ್ರಿ ದೀರ್ಘಕಾಲ ಓದುವವರಿಗೆ ಇವುಗಳಲ್ಲಿ ಮೊದಲನೆಯದು ಹೆಚ್ಚು ಫಲಕಾರಿ.

## ಇವನ್ನೂ ನೋಡಿ

* ಓಎಲ್‌ಇಡಿ
* ಅಮೋಲೆಡ್
* ದ್ರವಸ್ಫಟಿಕ ಪರದೆ
* ತೆಳುಪದರ ಟ್ರಾನ್ಸಿಸ್ಟರ್
* ರಿಫ್ರೆಶ್ ದರ
* ಡಾರ್ಕ್ ಮೋಡ್